ಬೆಕ್ಕಿನ ಮಧುಮೇಹ: ಉಪಶಮನದ ಹಂತದಲ್ಲಿ ಇನ್ಸುಲಿನ್ ಪ್ರಮಾಣವನ್ನು ನಿರ್ಧರಿಸುವ ಕ್ರಮ

(ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಬಂಗಾರಪೇಟೆ ಭಾಗದ ಸಾಕುಪ್ರಾಣಿ ಮಾಲೀಕರ ಮಾಹಿತಿಗಾಗಿ)

ಮನುಷ್ಯರಲ್ಲಿ ಕಂಡುಬರುವ ಮಧುಮೇಹವು ಬೆಕ್ಕುಗಳಲ್ಲಿಯೂ ಕಂಡುಬರುತ್ತದೆ. ಮಧ್ಯವಯಸ್ಸು ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮನೆಯೊಳಗೇ ಇದ್ದು ತೂಕ ಹೆಚ್ಚಿಸಿಕೊಂಡ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ನಾಯಿಗಳಲ್ಲಿ ಈ ಕಾಯಿಲೆಯು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಬೆಕ್ಕುಗಳ ವಿಷಯ ಹಾಗಲ್ಲ. ಸಕಾಲದಲ್ಲಿ ಇನ್ಸುಲಿನ್ ಮತ್ತು ಸೂಕ್ತ ಆಹಾರ ದೊರೆತಲ್ಲಿ, ಅನೇಕ ಬೆಕ್ಕುಗಳಲ್ಲಿ ಕೆಲವು ವಾರ ಅಥವಾ ತಿಂಗಳುಗಳ ನಂತರ ಇನ್ಸುಲಿನ್ ಇಲ್ಲದೆಯೇ ರಕ್ತದ ಸಕ್ಕರೆ ಸಹಜ ಮಟ್ಟದಲ್ಲಿ ನಿಲ್ಲುತ್ತದೆ. ಹೀಗೆ ಕನಿಷ್ಠ ನಾಲ್ಕು ವಾರ ನಿಂತಲ್ಲಿ ಅದನ್ನು ಉಪಶಮನ ಎಂದು ಪರಿಗಣಿಸಲಾಗುತ್ತದೆ.

ಉಪಶಮನವು ಸಂತೋಷದ ಸಂಗತಿಯಾದರೂ, ಅದಕ್ಕೆ ಸಮೀಪಿಸುತ್ತಿರುವ ದಿನಗಳೇ ಚಿಕಿತ್ಸೆಯ ಅತ್ಯಂತ ಅಪಾಯಕಾರಿ ದಿನಗಳಾಗಿವೆ. ಕಳೆದ ತಿಂಗಳು ಬೆಕ್ಕಿನ ಪ್ರಾಣ ಉಳಿಸಿದ ಪ್ರಮಾಣವೇ ಈ ತಿಂಗಳು ಅದರ ಪ್ರಾಣಕ್ಕೆ ಎರವಾಗಬಹುದು.

ಪ್ರಮಾಣ ಏಕೆ ಇಳಿಯುತ್ತದೆ?

ಬಹುಪಾಲು ಬೆಕ್ಕುಗಳ ಮಧುಮೇಹವು ಮನುಷ್ಯರ ಎರಡನೇ ವಿಧದ ಮಧುಮೇಹವನ್ನು ಹೋಲುತ್ತದೆ. ಸಕ್ಕರೆಯ ಮಟ್ಟ ದೀರ್ಘಕಾಲ ಏರಿಯೇ ಇದ್ದಾಗ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳು ಆ ಸಕ್ಕರೆಯಿಂದಲೇ ಕುಗ್ಗಿಹೋಗುತ್ತವೆ. ಹೊರಗಿನಿಂದ ನೀಡಿದ ಇನ್ಸುಲಿನ್ ಸಕ್ಕರೆಯನ್ನು ಇಳಿಸಿದಾಗ, ಪೂರ್ಣವಾಗಿ ನಾಶವಾಗದೆ ಉಳಿದ ಜೀವಕೋಶಗಳು ಚೇತರಿಸಿಕೊಂಡು ಮತ್ತೆ ಕೆಲಸ ಆರಂಭಿಸುತ್ತವೆ. ಆಗ ಬೆಕ್ಕಿನ ಸ್ವಂತ ಇನ್ಸುಲಿನ್ ಮೇಲೆ ಚುಚ್ಚುಮದ್ದಿನ ಇನ್ಸುಲಿನ್ ಸೇರುತ್ತದೆ. ಎರಡೂ ಕೂಡಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಚೇತರಿಕೆಗೆ ಕಾಲವೂ ಮುಖ್ಯ. ರೂಂಪ್ ಮತ್ತು ರ್‍ಯಾಂಡ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ, 55 ಬೆಕ್ಕುಗಳ ಅಧ್ಯಯನದಲ್ಲಿ ಗ್ಲಾರ್ಜಿನ್ ಇನ್ಸುಲಿನ್, ಕಡಿಮೆ ಶರ್ಕರಪಿಷ್ಟದ ಆಹಾರ ಹಾಗೂ ಮನೆಯಲ್ಲಿಯೇ ರಕ್ತಪರೀಕ್ಷೆಯ ಕ್ರಮವನ್ನು ಅನುಸರಿಸಲಾಯಿತು. ರೋಗ ಪತ್ತೆಯಾದ ಆರು ತಿಂಗಳೊಳಗೆ ಈ ಬಿಗಿ ಕ್ರಮ ಆರಂಭಿಸಿದ ಬೆಕ್ಕುಗಳಲ್ಲಿ ಶೇ. 84ರಷ್ಟು ಉಪಶಮನ ಹೊಂದಿದವು. ತಡವಾಗಿ ಆರಂಭಿಸಿದವುಗಳಲ್ಲಿ ಈ ಪ್ರಮಾಣ ಶೇ. 35 ಮಾತ್ರ. ಎಲ್ಲ ಮನೆಗಳಲ್ಲೂ ಅಷ್ಟು ನಿಗಾ ಸಾಧ್ಯವಾಗದು, ಆದಕಾರಣ ಇದೇ ಫಲಿತಾಂಶವನ್ನು ಎಲ್ಲೆಡೆ ನಿರೀಕ್ಷಿಸುವಂತಿಲ್ಲ. ಆದರೂ ವಿಳಂಬ ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನೆಯಲ್ಲಿಯೇ ಪರೀಕ್ಷೆ

ಬೆಕ್ಕು ಹೆದರಿದರೆ ಅದರ ರಕ್ತದ ಸಕ್ಕರೆ ತಾನಾಗಿಯೇ ಏರುತ್ತದೆ. ಮಾರಿಕುಪ್ಪಂ ನಿಲ್ದಾಣದಲ್ಲಿ ಬುಟ್ಟಿಯೊಳಗೆ ಕೂರಿಸಿ, ಬೆಳಗಿನ ರೈಲಿನ ಜನಸಂದಣಿಯಲ್ಲಿ ಬೆಂಗಳೂರಿನ ಚಿಕಿತ್ಸಾಲಯಕ್ಕೆ ಕೊಂಡೊಯ್ದ ಬೆಕ್ಕಿನ ಸಕ್ಕರೆ ಅಲ್ಲಿ 300 ಎಂದು ಕಂಡುಬಂದರೂ ಆಶ್ಚರ್ಯಪಡಬೇಕಿಲ್ಲ. ಅದೇ ಬೆಕ್ಕು ಮನೆಯಲ್ಲಿ 120ರಲ್ಲಿ ಇರಬಹುದು. (ಇಲ್ಲಿ ನೀಡಿರುವ ಅಂಕಿಗಳೆಲ್ಲವೂ ಪ್ರತಿ ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿವೆ.) ಅಂತಹ ಒಂದು ಅಂಕಿಯನ್ನು ನಂಬಿ ಪ್ರಮಾಣ ಹೆಚ್ಚಿಸುವುದು ಉಪಶಮನದ ಹೊಸ್ತಿಲಲ್ಲಿರುವ ಬೆಕ್ಕಿಗೆ ಮಾರಕವಾಗಬಹುದು. ಆದುದರಿಂದ ಮನೆಯಲ್ಲಿಯೇ ಕಿವಿಯ ಅಂಚನ್ನು ಬೆಚ್ಚಗೆ ಮಾಡಿ, ಸೂಜಿಯಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರಿನಲ್ಲಿ ನೋಡುವುದನ್ನು ಮಾಲೀಕರು ಪಶುವೈದ್ಯರಿಂದ ಕಲಿತುಕೊಳ್ಳತಕ್ಕದ್ದು. ಬಹುಪಾಲು ಬೆಕ್ಕುಗಳು ಕೆಲವೇ ದಿನಗಳಲ್ಲಿ ಇದಕ್ಕೆ ಒಗ್ಗಿಕೊಳ್ಳುತ್ತವೆ.

ಮನುಷ್ಯರಿಗಾಗಿ ತಯಾರಿಸಿದ ಗ್ಲೂಕೋಮೀಟರುಗಳು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನೈಜ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತವೆ. ಆಗಾಗ್ಗೆ ಮೀಟರ್ ಬದಲಿಸದೆ ಒಂದನ್ನೇ ಬಳಸುವುದು ಹಾಗೂ ಅದು ಯಾವ ಬಗೆಯದೆಂದು ವೈದ್ಯರಿಗೆ ತಿಳಿಸುವುದು ಅವಶ್ಯಕ.

ಸ್ಟ್ರಿಪ್‌ಗಳ ವೆಚ್ಚ ಭರಿಸಲಾಗದವರು ಮೂತ್ರಪರೀಕ್ಷೆಯ ಪಟ್ಟಿಯನ್ನು ಅವಲಂಬಿಸುವುದುಂಟು. ಬೆಕ್ಕಿನ ರಕ್ತದ ಸಕ್ಕರೆ ಸುಮಾರು 250ರಿಂದ 290 ದಾಟಿದ ಮೇಲೆಯೇ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಪಟ್ಟಿಯು ಬಣ್ಣ ಬದಲಿಸದಿದ್ದಲ್ಲಿ ಸಕ್ಕರೆ 200 ಇದೆಯೋ 50 ಇದೆಯೋ ತಿಳಿಯುವುದಿಲ್ಲ. ಇನ್ಸುಲಿನ್ ನಿಲ್ಲಿಸಿದ ನಂತರ ಕಾವಲಿಗೆ ಈ ಪಟ್ಟಿ ಉತ್ತಮ. ಪ್ರಮಾಣ ನಿರ್ಧರಿಸಲು ಅದು ಸಾಲದು.

ಪ್ರಮಾಣವನ್ನು ಇಳಿಸುವ ಕ್ರಮ

ಎರಡು ಅಂಕಿಗಳನ್ನು ಗಮನಿಸಬೇಕು. ಮೊದಲನೆಯದು, ಚುಚ್ಚುಮದ್ದಿಗೆ ಮುನ್ನ ಇರುವ ಮಟ್ಟ. ಎರಡನೆಯದು, ಎರಡು ಚುಚ್ಚುಮದ್ದುಗಳ ನಡುವೆ ಸಕ್ಕರೆ ಇಳಿಯುವ ಕನಿಷ್ಠ ಮಟ್ಟ. ಗ್ಲಾರ್ಜಿನ್ ಬಳಸುವಾಗ ಈ ಕನಿಷ್ಠ ಮಟ್ಟ ಅನೇಕ ಬೆಕ್ಕುಗಳಲ್ಲಿ 4ರಿಂದ 8 ಗಂಟೆಗಳ ನಡುವೆ ಬರುತ್ತದೆಯಾದರೂ ಬೆಕ್ಕಿನಿಂದ ಬೆಕ್ಕಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ.

ಚಿಕಿತ್ಸೆಯ ಆರಂಭದಲ್ಲಿ, ಚುಚ್ಚುಮದ್ದಿಗೆ ಮುನ್ನವೇ ಸಕ್ಕರೆ 200ಕ್ಕಿಂತ ಕಡಿಮೆಯಿದ್ದಲ್ಲಿ ಅನುಭವವಿಲ್ಲದ ಮಾಲೀಕರು ಎಂದಿನ ಪ್ರಮಾಣವನ್ನು ನೀಡದೆ ವೈದ್ಯರನ್ನು ಸಂಪರ್ಕಿಸತಕ್ಕದ್ದು. ದಿನವೂ ಹೀಗೆಯೇ ಕಡಿಮೆ ಬರತೊಡಗಿದರೆ ಅದು ಉಪಶಮನದ ಮೊದಲ ಸೂಚನೆ. ಕನಿಷ್ಠ ಮಟ್ಟವು 80ರಿಂದ 150ರ ನಡುವೆ ಇದ್ದಲ್ಲಿ ಪ್ರಮಾಣ ಸರಿಯಾಗಿದೆ. 80ಕ್ಕಿಂತ ಕೆಳಗಿಳಿದಲ್ಲಿ ಪ್ರತಿ ಬಾರಿಯ ಪ್ರಮಾಣದಲ್ಲಿ ಕಾಲು ಅಥವಾ ಅರ್ಧ ಯೂನಿಟ್ ಕಡಿತ ಮಾಡಲಾಗುತ್ತದೆ. 60ಕ್ಕಿಂತ ಕೆಳಗಿಳಿದಲ್ಲಿ ಬೆಕ್ಕು ಚಟುವಟಿಕೆಯಿಂದಿದ್ದರೂ ಮುಂದಿನ ಚುಚ್ಚುಮದ್ದನ್ನು ವೈದ್ಯರ ಸಲಹೆಯಿಲ್ಲದೆ ನೀಡಬಾರದು. ನಿತ್ರಾಣದ ಲಕ್ಷಣ ಕಂಡಿದ್ದಲ್ಲಿ ಪ್ರಮಾಣವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಲಾಗುತ್ತದೆ. ಪ್ರಮಾಣ ಇಳಿಸಲು ಒಂದೇ ಅಂಕಿ ಸಾಕು, ಏರಿಸಲು ಒಂದು ಅಂಕಿ ಸಾಲದು.

ಉದಾಹರಣೆಗೆ, ನಾಲ್ಕೂವರೆ ಕಿಲೋ ತೂಕದ ಬೆಕ್ಕೊಂದು ದಿನಕ್ಕೆ ಎರಡು ಬಾರಿ 2 ಯೂನಿಟ್ ಪಡೆಯುತ್ತಿದೆ ಎಂದಿಟ್ಟುಕೊಳ್ಳಬಹುದು. ಸಕ್ಕರೆಯು ದಿನವಿಡೀ ಸಹಜ ಮಟ್ಟದ ಸಮೀಪದಲ್ಲಿ ಒಂದು ವಾರ ನಿಂತಲ್ಲಿ ಒಂದೂವರೆಗೆ, ಮತ್ತೊಂದು ವಾರದ ನಂತರ ಒಂದಕ್ಕೆ, ಅನಂತರ ಅರ್ಧಕ್ಕೆ ಇಳಿಸಿ, ಆ ಬಳಿಕ ಅರ್ಧ ಯೂನಿಟನ್ನು ದಿನಕ್ಕೊಮ್ಮೆ ಮಾತ್ರ ನೀಡಿ, ಕೊನೆಗೆ ನಿಲ್ಲಿಸಲಾಗುತ್ತದೆ. ಮಧ್ಯೆ ಅಂಕಿಗಳು ಮತ್ತೆ ಏರಿದರೆ ಹಿಂದಿನ ಮೆಟ್ಟಿಲಿಗೆ ಮರಳಬೇಕಾಗುತ್ತದೆ. ಒಂದೆರಡು ಒಳ್ಳೆಯ ಅಂಕಿ ಕಂಡ ಕೂಡಲೇ ಪೂರ್ತಿ ನಿಲ್ಲಿಸುವುದು ತರವಲ್ಲ. ಚೇತರಿಸಿಕೊಳ್ಳುತ್ತಿರುವ ಜೀವಕೋಶಗಳಿಗೆ ವಿಶ್ರಾಂತಿಯ ಅಗತ್ಯವಿರುತ್ತದೆ.

ಸಿರಿಂಜಿನ ತಪ್ಪು

ಈ ಭಾಗದ ಔಷಧಿ ಅಂಗಡಿಗಳಲ್ಲಿ ದೊರೆಯುವುದು ಮನುಷ್ಯರಿಗಾಗಿ ಇರುವ ಇನ್ಸುಲಿನ್. ಭಾರತದಲ್ಲಿ ಸೀಸೆಯಲ್ಲಿ ಬರುವ ಸಾಮಾನ್ಯ ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. ಗ್ಲಾರ್ಜಿನ್ 100 ಯೂನಿಟ್ ಸಾಂದ್ರತೆಯದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಗ್ಲಾರ್ಜಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಬೆಕ್ಕಿನ ದೇಹ ಸೇರುವುದು 2 ಯೂನಿಟ್ ಅಲ್ಲ, 5 ಯೂನಿಟ್. ಮನೆಯ ಹಿರಿಯರು ತಮ್ಮ ಮಧುಮೇಹಕ್ಕೆಂದು ಇಟ್ಟುಕೊಂಡ ಸಿರಿಂಜನ್ನೇ ಬೆಕ್ಕಿಗೂ ಬಳಸುವ ಮನೆಗಳಲ್ಲಿ ಈ ತಪ್ಪು ಸುಲಭವಾಗಿ ಸಂಭವಿಸುತ್ತದೆ. ಅರ್ಧ ಯೂನಿಟ್ ಅಳೆಯಲು ಅರ್ಧ ಯೂನಿಟ್‌ನ ಗೆರೆಗಳಿರುವ 0.3 ಮಿಲಿಲೀಟರಿನ ಕಿತ್ತಳೆ ಸಿರಿಂಜು ಸೂಕ್ತ. ಇನ್ಸುಲಿನ್ ಪೆನ್ನುಗಳು ಬಹುತೇಕ ಇಡೀ ಯೂನಿಟ್‌ಗಳನ್ನಷ್ಟೇ ಅಳೆಯುತ್ತವೆ. ಅಳತೆ ಸುಲಭವಾಗಲೆಂದು ಗ್ಲಾರ್ಜಿನ್‌ಗೆ ನೀರನ್ನಾಗಲಿ ಬೇರೆ ಇನ್ಸುಲಿನನ್ನಾಗಲಿ ಬೆರೆಸಬಾರದು. ಬೆರೆಸಿದಲ್ಲಿ ಅದರ ನಿಧಾನ ಗುಣವೇ ಕೆಡುತ್ತದೆ.

ಆಹಾರ

ಬೆಕ್ಕು ಮೂಲತಃ ಮಾಂಸಾಹಾರಿ ಪ್ರಾಣಿ. ಮನೆಗಳಲ್ಲಿ ವಾಡಿಕೆಯಾಗಿ ಹಾಕುವ ಹಾಲನ್ನ, ಅಗ್ಗದ ಒಣ ಆಹಾರ ಇವೆರಡರಲ್ಲೂ ಶರ್ಕರಪಿಷ್ಟ ಹೆಚ್ಚು. ಅನ್ನದ ಬದಲು ಬೇಯಿಸಿದ ಕೋಳಿಮಾಂಸ, ಮೀನು, ಮೊಟ್ಟೆ ಅಥವಾ ಕಡಿಮೆ ಶರ್ಕರಪಿಷ್ಟದ ತೇವಾಂಶಯುಕ್ತ ಆಹಾರವನ್ನು ನೀಡಿದಲ್ಲಿ ಉಪಶಮನದ ಸಾಧ್ಯತೆ ಹೆಚ್ಚುತ್ತದೆ. ಮನೆಯ ಆಹಾರವನ್ನೇ ದೀರ್ಘಕಾಲ ನೀಡುವುದಾದರೆ ಟಾರಿನ್ ಮುಂತಾದ ಪೋಷಕಾಂಶಗಳ ಕೊರತೆಯಾಗದಂತೆ ವೈದ್ಯರನ್ನು ಕೇಳಬೇಕು. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ: ಅನ್ನ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಅಗತ್ಯವು ಥಟ್ಟನೆ ಕುಸಿಯಬಹುದು. ವೈದ್ಯರಿಗೆ ತಿಳಿಸದೆ ಆಹಾರ ಬದಲಿಸಿ, ಇನ್ಸುಲಿನನ್ನು ಮೊದಲಿನಂತೆಯೇ ಮುಂದುವರಿಸುವುದು ಅಪಘಾತವನ್ನು ಆಹ್ವಾನಿಸಿದಂತೆ.

ಕೆಲಸಕ್ಕೆ ಹೋಗುವವರ ಮನೆಗಳಲ್ಲಿ

2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ನಂತರ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಊರಗಾಂ, ಮಾರಿಕುಪ್ಪಂ ಮೊದಲಾದ ಕಡೆಗಳಿಂದ ಸಾವಿರಾರು ಜನ ಪ್ರತಿದಿನ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ನಸುಕಿನ ಐದಕ್ಕೆ ಚುಚ್ಚುಮದ್ದು ನೀಡಿ ಹೊರಟವರು ರಾತ್ರಿ ಎಂಟಕ್ಕೆ ಮರಳುವಾಗ ಹದಿನೈದು ಗಂಟೆ ಕಳೆದಿರುತ್ತದೆ. ಸಕ್ಕರೆ ಕನಿಷ್ಠ ಮಟ್ಟಕ್ಕಿಳಿಯುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಇಂತಹ ಮನೆಗಳಲ್ಲಿ ರಜಾದಿನದಂದು ಎರಡು ಗಂಟೆಗೊಮ್ಮೆ ಪರೀಕ್ಷಿಸಿ ಪಟ್ಟಿ ಮಾಡುವುದು, ಉಳಿದ ದಿನಗಳಲ್ಲಿ ಮನೆಯಲ್ಲಿರುವ ಹಿರಿಯರಿಗೆ ಅಥವಾ ನೆರೆಯವರಿಗೆ ಲಕ್ಷಣಗಳನ್ನು ತಿಳಿಸಿಡುವುದು ಉಪಯುಕ್ತ. ವೇಳೆ ತಪ್ಪಿದ ಚುಚ್ಚುಮದ್ದನ್ನು ಬಿಟ್ಟುಬಿಡಬೇಕೇ ಹೊರತು ಮುಂದಿನ ಬಾರಿ ಎರಡರಷ್ಟು ನೀಡಬಾರದು. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದ ಬೆಕ್ಕಿನಲ್ಲಿ ಸಕ್ಕರೆ ಸ್ವಲ್ಪ ಏರುತ್ತದೆ, ಅಷ್ಟೇ. ಎರಡು ಪಟ್ಟು ಪಡೆದ ಬೆಕ್ಕು ಸಾಯಬಹುದು.

ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ವಿದ್ಯುತ್ ಕಡಿತ ದೀರ್ಘವಾದಾಗ ನೀರಿನಿಂದ ತಂಪಾಗಿಸಿದ ಮಣ್ಣಿನ ಮಡಕೆಯೊಳಗೆ ಸೀಸೆ ಒದ್ದೆಯಾಗದಂತೆ ಇಡಬಹುದು.

ಸಕ್ಕರೆ ಕುಸಿದಾಗ

ನಿತ್ರಾಣ, ತೂರಾಡುವ ನಡಿಗೆ, ಏಕಾಏಕಿ ಅತಿಯಾದ ಹಸಿವು, ಅಗಲವಾದ ಕಣ್ಣಿನ ಪಾಪೆ, ನಡುಕ, ಕೊನೆಗೆ ಸೆಳೆತ ಮತ್ತು ಪ್ರಜ್ಞಾಹೀನತೆ ಇದರ ಲಕ್ಷಣಗಳು. ಬೆಕ್ಕು ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಆಹಾರ ನೀಡಬೇಕು. ತಿನ್ನದಿದ್ದಲ್ಲಿ ಜೇನುತುಪ್ಪ ಅಥವಾ ಗ್ಲೂಕೋಸ್ ಪಾಕವನ್ನು ಬೆರಳಿನಿಂದ ವಸಡಿಗೆ ಸವರಬೇಕು. ಪ್ರಜ್ಞೆ ತಪ್ಪಿದ ಬೆಕ್ಕಿನ ಬಾಯಿಗೆ ದ್ರವವನ್ನು ಸುರಿಯಬಾರದು, ಅದು ಶ್ವಾಸಕೋಶ ಸೇರುತ್ತದೆ. ಬೆಕ್ಕು ಚೇತರಿಸಿಕೊಂಡಂತೆ ಕಂಡರೂ ಗ್ಲಾರ್ಜಿನ್ ಪ್ರಭಾವ ಹಲವು ಗಂಟೆ ಉಳಿಯುವುದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸತಕ್ಕದ್ದು.

ಇನ್ಸುಲಿನ್ ನಿಲ್ಲಿಸಿದ ನಂತರ

ಮೊದಲ ಎರಡು ವಾರ ದಿನವೂ, ಅನಂತರ ವಾರಕ್ಕೊಮ್ಮೆ ಸಕ್ಕರೆಯನ್ನು ನೋಡುತ್ತಿರಬೇಕು. ಉಪಶಮನ ಹೊಂದಿದ ಬೆಕ್ಕುಗಳಲ್ಲಿ ಸುಮಾರು ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಕಾಯಿಲೆ ಮರುಕಳಿಸುತ್ತದೆ. ತೂಕ ಹೆಚ್ಚಳ, ಹಲ್ಲು ಮತ್ತು ವಸಡಿನ ಸೋಂಕು, ಮೂತ್ರನಾಳದ ಸೋಂಕು ಇವು ಅದಕ್ಕೆ ದಾರಿ ಮಾಡಿಕೊಡಬಲ್ಲವು. ಚರ್ಮದ ತುರಿಕೆಗೆಂದು ಸ್ಟೀರಾಯ್ಡ್ ಔಷಧಿ ನೀಡುವ ಸಂದರ್ಭ ಬಂದಲ್ಲಿ, ಬೆಕ್ಕಿಗೆ ಈ ಹಿಂದೆ ಮಧುಮೇಹವಿತ್ತೆಂಬುದನ್ನು ಮಾಲೀಕರೇ ವೈದ್ಯರಿಗೆ ತಿಳಿಸಬೇಕು. ಮರುಕಳಿಕೆಗೆ ಸ್ಟೀರಾಯ್ಡ್ ಒಂದು ಪ್ರಬಲ ಕಾರಣ. ಬೆಕ್ಕು ಮತ್ತೆ ಹೆಚ್ಚು ನೀರು ಕುಡಿಯತೊಡಗಿದರೆ, ಅಥವಾ ಮನೆಯ ಪರೀಕ್ಷೆಯಲ್ಲಿ ಸಕ್ಕರೆ ಪದೇ ಪದೇ 180 ದಾಟಿದರೆ, ತಡಮಾಡದೆ ವೈದ್ಯರ ಸಲಹೆ ಪಡೆದು ಅರ್ಧ ಅಥವಾ ಒಂದು ಯೂನಿಟ್‌ನಿಂದ ಇನ್ಸುಲಿನನ್ನು ಪುನಃ ಆರಂಭಿಸಬೇಕಾಗುತ್ತದೆ. ಎರಡನೆಯ ಬಾರಿ ಉಪಶಮನ ದೊರೆಯುವುದು ಅಸಾಧ್ಯವಲ್ಲವಾದರೂ ಮೊದಲಿನಷ್ಟು ಸುಲಭವಲ್ಲ.