ಡೈಪರ್ ಹೇಗೆ ಹೀರುತ್ತದೆ, ಯಾಕೆ ಸೋರುತ್ತದೆ?

ಹೊಸ ಡೈಪರ್ ಒಂದನ್ನು ಕತ್ತರಿಸಿ ಹಳೆ ಪೇಪರಿನ ಮೇಲೆ ಕೊಡವಿ ನೋಡಿ. ನಾರಿನ ಜೊತೆಗೆ ಸಣ್ಣ ಸಕ್ಕರೆಯಂಥ ಬಿಳಿ ಹರಳು ಉದುರುತ್ತದೆ. ಅದು ಸೋಡಿಯಂ ಪಾಲಿಅಕ್ರಿಲೇಟ್. 1980ರ ದಶಕದಲ್ಲಿ ಇದು ಬಂದು ಸೇರಿದ ಮೇಲೆಯೇ ಡೈಪರ್ ತೆಳ್ಳಗಾದದ್ದು. ಒಂದು ಚಮಚ ಹರಳಿಗೆ ಅರ್ಧ ಲೋಟ ನೀರು ಹಾಕಿದರೆ ನೋಡನೋಡುತ್ತಲೇ ಗಟ್ಟಿ ಜೆಲ್ಲಿ. ಅದರ ಮೇಲೆ ಉಪ್ಪು ಉದುರಿಸಿ, ಜೆಲ್ಲಿ ಸಡಿಲಾಗಿ ನೀರು ಬಿಟ್ಟುಕೊಳ್ಳುತ್ತದೆ. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲ ಹರಳು, ಉಪ್ಪಿನಂಶವಿರುವ ಮೂತ್ರವನ್ನು ಅಷ್ಟು ಹೀರಲಾರದು. ಜಾಹೀರಾತಿನ ನೀಲಿ ನೀರನ್ನು ನಂಬುವ ಮೊದಲು ಇದು ನೆನಪಿರಲಿ. (ಹರಳು ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಸಿಂಕಿಗೂ ಸುರಿಯಬೇಡಿ.)

ಮೈಗೆ ತಾಗುವ ಪದರ ತಾನು ಹೀರದೆ ಒದ್ದೆಯನ್ನು ಕೆಳಕ್ಕೆ ದಾಟಿಸುತ್ತದೆ. ಹೊರಗಿನದು ನೀರು ಬಿಡದ ಪ್ಲಾಸ್ಟಿಕ್ ಹಾಳೆ. ಹಾಗಾಗಿ ರಾತ್ರಿ ಭದ್ರವಾಗಿರಲೆಂದು ಒಂದರ ಮೇಲೊಂದು ಎರಡು ಡೈಪರ್ ಹಾಕಿದರೆ ದುಡ್ಡು ದಂಡ; ಒಳಗಿನದರಿಂದ ಹೊರಗಿನದಕ್ಕೆ ಹನಿಯೂ ಇಳಿಯುವುದಿಲ್ಲ, ಪಕ್ಕದಿಂದ ಸೋರುತ್ತದೆ.

ಎಷ್ಟೋ ಸಲ ಡೈಪರ್ ಸೋರುವುದು ತುಂಬಿದ್ದಕ್ಕಲ್ಲ, ಅಳತೆ ತಪ್ಪಿದ್ದಕ್ಕೆ. ಮಕ್ಕಳದ್ದನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ತನ್ನಿ. ದೊಡ್ಡವರದ್ದಕ್ಕೆ ಸೊಂಟದ ಸುತ್ತಳತೆ ಟೇಪು ಹಿಡಿದೇ ನೋಡಬೇಕು. "ಸ್ವಲ್ಪ ದೊಡ್ಡದೇ ಇರಲಿ" ಎಂದು ತಂದರೆ ತೊಡೆಯ ಸಂದಿನಲ್ಲಿ ಸೋರುವುದು ಖಂಡಿತ. ಹಾಕಿದ ಮೇಲೆ ತೊಡೆಯ ಸುತ್ತ ಬೆರಳಾಡಿಸಿ, ಒಳಕ್ಕೆ ಮಡಚಿಕೊಂಡ ನೆರಿಗೆಯನ್ನು ಹೊರಕ್ಕೆ ಬಿಡಿಸಿ. ಓಡಾಡುವ ಮಗುವಿಗೂ ಹಿರಿಯರಿಗೂ ಚಡ್ಡಿಯಂತೆ ಎಳೆದುಕೊಳ್ಳುವ ಪ್ಯಾಂಟ್ ಅನುಕೂಲ. ಹಾಸಿಗೆ ಹಿಡಿದವರಿಗೆ ಅಂಟುಪಟ್ಟಿಯದೇ ಸರಿ, ಮಗ್ಗುಲಿಗೆ ಹೊರಳಿಸಿ ಬದಲಿಸಬಹುದು.

ಪೊಟ್ಟಣದ ಮೇಲೆ 12 ಗಂಟೆ ಎಂದಿದ್ದರೂ ಹಗಲಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸುವುದೇ ಒಳ್ಳೆಯದು. ಮಲವಾದರೆ ಆ ಕ್ಷಣವೇ. ಮಲ, ಮೂತ್ರ ಎರಡೂ ಬೆರೆತು ಕೂತರೆ ಚರ್ಮ ಬೇಗ ಕೆಂಪಾಗಿ ಉರಿಯುತ್ತದೆ. ತೊಳೆದು, ಉಜ್ಜದೆ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಪೌಡರ್ ಬೇಡ, ಜಿಂಕ್ ಆಕ್ಸೈಡ್ ಮುಲಾಮು ಸಾಕು. ಡೈಪರ್ ಒದ್ದೆಯಾದೀತೆಂದು ವಯಸ್ಸಾದವರು ನೀರು ಕುಡಿಯುವುದನ್ನೇ ಬಿಡುತ್ತಾರೆ; ಮನೆಯವರೂ ಸುಮ್ಮನಿದ್ದುಬಿಡುತ್ತಾರೆ. ಮೂತ್ರ ಗಾಢವಾಗಿ, ಮಲಬದ್ಧತೆಯೂ ಸೇರಿ ಫಜೀತಿ ಹೆಚ್ಚುತ್ತದೆ.

ಬಳಸಿದ್ದನ್ನು ಕಮೋಡಿಗೆ ಹಾಕಿದರೆ ಪೈಪಿನೊಳಗೇ ಉಬ್ಬಿ ಕೂರುತ್ತದೆ. ಮಲವನ್ನು ಕಕ್ಕಸಿಗೆ ಉದುರಿಸಿ, ಡೈಪರನ್ನು ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಕೆಂಪು ಗುರುತು ಹಾಕಿ ಹಸಿ ಕಸ, ಒಣ ಕಸ ಎರಡರಿಂದಲೂ ಬೇರೆಯಾಗಿ ಕೊಡಿ. ಕಸ ವಿಂಗಡಿಸುವವರು ಅದನ್ನು ಬರಿಗೈಯಲ್ಲಿ ಬಿಚ್ಚುವುದು ತಪ್ಪುತ್ತದೆ.