ಕಾಣೆಯಾದ ಚುಕ್ಕೆಗಳ ಚಿತ್ರ

ಮಾಘದ ಅಮಾವಾಸ್ಯೆಯ ರಾತ್ರಿ ಕಡೂರಿನ ಪೇಟೆಬೀದಿಯಲ್ಲಿ ನಿಂತು ಮಹಾವ್ಯಾಧನನ್ನು ನೋಡಿರಿ. ನಡುಪಟ್ಟಿಯ ಮೂರು ತಾರೆಗಳೇನೋ ಕಾಣುವುವು, ಸುತ್ತಣ ಮಂದತಾರೆಗಳೆಲ್ಲಿ? ದೀಪಗಳಿಂದ ಮೇಲಕ್ಕೆ ಚೆಲ್ಲಿದ ಬೆಳಕು ಗಾಳಿಯಲ್ಲಿಯೂ ಧೂಳಿನಲ್ಲಿಯೂ ಚದರಿ ಅವನ್ನು ಮುಳುಗಿಸಿದೆ.

ಇದನ್ನು ಮಾತಿಗಿಂತ ಚಿತ್ರವೇ ಚೆನ್ನಾಗಿ ತಿಳಿಸಬಲ್ಲುದು. 2006ರಲ್ಲಿ ಆರಂಭವಾದ ‘ಗ್ಲೋಬ್ ಅಟ್ ನೈಟ್’ ಯೋಜನೆಯು ಇದೇ ಪುಂಜವನ್ನು ಹಲವು ಚೌಕಗಳಲ್ಲಿ ಬಿಡಿಸಿತು: ಒಂದರಲ್ಲಿ ಬೆರಳೆಣಿಕೆಯ ಚುಕ್ಕೆಗಳು, ಇನ್ನೊಂದರಲ್ಲಿ ಚುಕ್ಕೆಗಳ ಸಂತೆ. ತನ್ನ ಆಕಾಶಕ್ಕೆ ಹೊಂದುವ ಚೌಕವನ್ನು ನೋಡುವವನೇ ಆರಿಸಬೇಕು. ‘ದೀಪ ಆರಿಸಿ’ ಎಂದು ಗದರುವ ಭಿತ್ತಿಪತ್ರಕ್ಕಿಂತ ಇದು ಮೇಲೆಂದು ನನ್ನ ಮತ.

ವಿದ್ಯಾರ್ಥಿಗಳು ಇಂತಹ ಚೌಕಗಳನ್ನು ಬಿಡಿಸಿಕೊಂಡು ಕಡೂರು, ತರೀಕೆರೆ ಪೇಟೆಗಳಲ್ಲಿಯೂ ಅಜ್ಜಂಪುರದ ಅಮೃತಮಹಲ್ ಕಾವಲಿನ ಅಂಚಿನಲ್ಲಿಯೂ ಒಂದೇ ರಾತ್ರಿ ಹೋಲಿಸಲಿ. ಕತ್ತಲಿಗೆ ಕಣ್ಣು ಪಳಗಲು ಅರ್ಧ ಗಂಟೆ ಬೇಕು; ಟಾರ್ಚಿಗೆ ಕೆಂಪು ಕಾಗದ ಸುತ್ತಿರಬೇಕು. ಆರಿಸಿದ ಮೂರು ಚೌಕಗಳನ್ನು ಪಕ್ಕಪಕ್ಕದಲ್ಲಿ ಅಚ್ಚುಹಾಕಿ, ಬೆಳಕು ಕೆಳಕ್ಕೇ ಬೀಳುವಂತೆ ಬೀದಿದೀಪಗಳಿಗೆ ಮುಚ್ಚಳ ಕೇಳುವ ಅರ್ಜಿಯೊಡನೆ ಪುರಸಭೆಗೆ ಒಪ್ಪಿಸಬಹುದು.