ಪಾಳಿಯವರು ಗೆದ್ದ ಕಪ್

ಹಟ್ಟಿಯ ಚಿನ್ನದ ಗಣಿಯ ಕಾಲನಿಯಲ್ಲಿ ಬೆಳೆದವರಿಗೆ ದಿನದ ಹೊತ್ತು ಸೂರ್ಯನ ಗತಿಯಿಂದಲ್ಲ, ಪಾಳಿಯ ಗತಿಯಿಂದ ಗೊತ್ತಾಗುವಂಥದು. ಮಗುವಿಗೆ ಜ್ವರ ಬಂದುದು ಯಾವಾಗಲೆಂದು ವೈದ್ಯರು ಕೇಳಿದರೆ ಮೊದಲ ಪಾಳಿ ಬಿಡುವ ಹೊತ್ತಿಗೆಂದು ತಾಯಿ ಹೇಳುತ್ತಾಳೆ; ಲಗ್ನಪತ್ರಿಕೆ ಕೊಡಲು ಬಂದವರು ಯಜಮಾನರ ಪಾಳಿ ಯಾವುದೆಂದು ಮೊದಲು ವಿಚಾರಿಸಿಕೊಳ್ಳುತ್ತಾರೆ. ಇಂಥ ಊರಿನಲ್ಲಿ ಸಂಜೆಯ ಮೈದಾನಕ್ಕೆ ಹನ್ನೊಂದು ಜನ ಕೂಡಿಬರುವುದೇ ಒಂದು ಸಾಹಸ. ಗೋಲು ಕಾಯುವವನು ಮಲ್ಲಪ್ಪ ಶಾಫ್ಟ್ ಎಂಬ ಗಣಿಬಾವಿಯೊಳಗೆ ಇಳಿದಿರುತ್ತಿದ್ದನು. ಗೋಲು ಹೊಡೆಯಬೇಕಾದವನು ರಾತ್ರಿಪಾಳಿಯ ನಿದ್ರೆಯಿಂದ ಇನ್ನೂ ಎದ್ದಿರುತ್ತಿರಲಿಲ್ಲ.

ನಮ್ಮ ಬಾಲ್ಯದ ಚೆಂಡು ಚರ್ಮದ ಪಟ್ಟಿಗಳನ್ನು ಹೊಲಿದು ಮಾಡಿದ್ದು; ಒಳಗೆ ರಬ್ಬರಿನ ಬ್ಲಾಡರು, ಬಾಯಿಗೆ ಬೂಟಿನಂತೆ ಲೇಸು. ಪಂಪಿನಿಂದ ಗಾಳಿ ತುಂಬಿ, ಬ್ಲಾಡರಿನ ಕೊಳವೆಯನ್ನು ಮಡಚಿ ದಾರದಿಂದ ಕಟ್ಟಿ, ಅದನ್ನು ಒಳಗೆ ತೂರಿಸಿ ಲೇಸು ಬಿಗಿಯುವುದು ಎಲ್ಲರಿಗೂ ಒಲಿದ ವಿದ್ಯೆಯಾಗಿರಲಿಲ್ಲ. ಬಿಗಿ ತಪ್ಪಿದರೆ ಚೆಂಡು ಬದನೆಕಾಯಿಯಾಗುತ್ತಿತ್ತು. ಮಳೆ ಬಿದ್ದ ದಿನ ಎರೆಮಣ್ಣು ಮೆತ್ತಿಕೊಂಡು ಅದು ಕಲ್ಲಿನಷ್ಟು ಭಾರವಾಗುವುದು. ಲೇಸಿನ ಮಗ್ಗುಲು ಹಣೆಗೆ ತಾಗಿತೆಂದರೆ ಎರಡು ದಿನ ಅದರ ಮುದ್ರೆ ಅಳಿಯುತ್ತಿರಲಿಲ್ಲ. ಇಂಥ ಆಟವನ್ನು ಕಂಡು ಬೆಳೆದುದರಿಂದಲೇ ಇರಬೇಕು, ಈ ದೇಶದ ಕಾಲ್ಚೆಂಡಿನ ಕಪ್ ಪಂದ್ಯಾವಳಿಗಳ ಚರಿತ್ರೆಯನ್ನು ಓದುವಾಗ ನನ್ನ ಕಣ್ಣು ತಾರೆಗಳ ಹೆಸರನ್ನು ದಾಟಿ ಅವರು ಯಾವ ಪಾಳಿಯಲ್ಲಿ ದುಡಿಯುತ್ತಿದ್ದರೆಂಬುದನ್ನು ಹುಡುಕುತ್ತದೆ. (ಕಪ್ಪು ಎಂದು ಬರೆದರೆ ಬಣ್ಣವಾಗುತ್ತದೆ, ಕಪ್ಪ ಎಂದರೆ ಸಾಮಂತನು ತೆರುವ ಕಾಣಿಕೆಯಾಗುತ್ತದೆ, ಆದಕಾರಣ ಕಪ್ ಎಂದೇ ಇರಲಿ.)

ಲೀಗಿನಲ್ಲಿ ಸೋತವನಿಗೆ ಮುಂದಿನ ವಾರವಿದೆ. ಕಪ್ ಪಂದ್ಯದಲ್ಲಿ ಸೋತವನಿಗೆ ಊರಿನ ಬಸ್ಸಿದೆ. ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುವುದರಿಂದ ಹದಿನಾರು ತಂಡಗಳಿದ್ದರೆ ಹದಿನೈದು ಪಂದ್ಯಗಳಲ್ಲಿ ಎಲ್ಲವೂ ಇತ್ಯರ್ಥ. ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಟಿ ಎತ್ತಿ ನಿರ್ಣಯಿಸುವರಾಗಿ, ಹಣವಂತರ ತಂಡವೊಂದು ಗುಮಾಸ್ತರ ತಂಡದ ಮುಂದೆ ನಿಲ್ಲಲೇಬೇಕಾಗುತ್ತದೆ. 1871-72ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಹದಿನೈದು ತಂಡಗಳ ನೋಂದಣಿಯೊಂದಿಗೆ ಆರಂಭವಾದಂದಿನಿಂದ ಈ ಪದ್ಧತಿಯ ಸೊಗಸು ಇರುವುದು ಇದರಲ್ಲಿಯೇ.

ನಮ್ಮಲ್ಲಿ ಅದು ಸಿಪಾಯಿಗಳ ಮೂಲಕ ಬಂದಿತು. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡ್ಯೂರಾಂಡನು 1888ರಲ್ಲಿ ಸಿಮ್ಲಾದಲ್ಲಿ ಆರಂಭಿಸಿದ ಡ್ಯೂರಾಂಡ್ ಕಪ್ ಏಷ್ಯಾದಲ್ಲಿಯೇ ಹಳೆಯದು. 1891ರಲ್ಲಿ ಮುಂಬಯಿಯ ರೋವರ್ಸ್ ಕಪ್ ಹುಟ್ಟಿತು. ಬಹುಕಾಲ ಎರಡೂ ಬಿಳಿಯರ ಪಲ್ಟನ್ನುಗಳ ಸ್ವತ್ತಿನಂತಿದ್ದವು. ರೋವರ್ಸ್ ಕಪ್ಪನ್ನು ಅವರ ಕೈಯಿಂದ ಮೊದಲು ಕಸಿದುಕೊಂಡ ಭಾರತೀಯ ತಂಡ ಕನ್ನಡನಾಡಿನದೆಂಬುದು ನಮ್ಮವರಿಗೇ ಅಷ್ಟಾಗಿ ತಿಳಿಯದು: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅದನ್ನು ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು.

ಆದರೆ ನಮ್ಮ ಸೀಮೆಯವರು ಅಂದು ಬೆಂಗಳೂರಿಗೆ ಸೇರಿದವರಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಹಟ್ಟಿಯಿರುವ ರಾಯಚೂರು ಜಿಲ್ಲೆಯು ಹೈದರಾಬಾದ್ ರಾಜ್ಯದ್ದು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಸ್ಥಾಪಿತವಾದ ಕಂಪನಿ ಹಟ್ಟಿಯ ಹೆಸರನ್ನು ಧರಿಸಿದುದು 1956ರಲ್ಲಿಯೇ. ಆದುದರಿಂದ ಹೆಮ್ಮೆಪಡುವ ಹಕ್ಕು ನಮಗೆ ಇನ್ನೊಂದು ದಿಕ್ಕಿನಿಂದಲೂ ಉಂಟು: 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ರೋವರ್ಸ್ ಕಪ್ಪನ್ನು ಗೆದ್ದುದು ಹೈದರಾಬಾದ್ ಸಿಟಿ ಪೊಲೀಸ್ ತಂಡ. ಅದನ್ನು ತಿದ್ದಿದವರು ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಉಪಾಧ್ಯಾಯರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನಕ್ಕೂ ಮುಟ್ಟಿಸಿದ ಗುರು. ಕಲಿಸಿದಾತನು ಮೇಷ್ಟ್ರು, ಆಡಿದವರು ಪೊಲೀಸರು. ಕೇವಲ ಆಟವನ್ನೇ ನಂಬಿ ಬದುಕಿದವರ ತಂಡವಲ್ಲ ಅದು.

ಹಳೆಯ ಕಪ್‌ಗಳೆಲ್ಲ ಒಂದೊಂದು ಊರಿನ ಅಥವಾ ಸಂಸ್ಥೆಯ ಆಶ್ರಯದಲ್ಲಿ ನಡೆದಂಥವು. ಡ್ಯೂರಾಂಡ್ ಸೇನೆಯದು, ರೋವರ್ಸ್ ಮುಂಬಯಿಯದು, ಐ.ಎಫ್.ಎ. ಶೀಲ್ಡ್ ಕಲ್ಕತ್ತೆಯದು. ದೇಶದ ಕ್ಲಬ್ಬುಗಳೆಲ್ಲಕ್ಕೂ ತನ್ನದೇ ಒಂದು ಪಂದ್ಯಾವಳಿ ಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆರಂಭಿಸಿದುದೇ ಫೆಡರೇಷನ್ ಕಪ್. ಮೊದಲನೆಯದು 1977ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಅಂತಿಮ ಪಂದ್ಯಕ್ಕೆ ಬಂದ ಒಂದು ತಂಡ ಕಲ್ಕತ್ತೆಯ ಮೋಹನ್ ಬಾಗಾನ್. 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ಪಲ್ಟನ್ನನ್ನು ಸೋಲಿಸಿ ಶೀಲ್ಡ್ ಗೆದ್ದ ಆ ಕ್ಲಬ್ಬಿನ ಕೀರ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ 1977ರ ಸೆಪ್ಟೆಂಬರಿನಲ್ಲಿ ಪೆಲೆಯಿದ್ದ ಕಾಸ್ಮಾಸ್ ತಂಡದೊಡನೆ 2-2 ಸಮ ಮಾಡಿಕೊಂಡು, ಶೀಲ್ಡ್, ರೋವರ್ಸ್, ಡ್ಯೂರಾಂಡ್ ಮೂರನ್ನೂ ಒಟ್ಟಿಗೆ ಗೆದ್ದ ತಂಡವದು. ಎದುರಿಗೆ ನಿಂತುದು ಬೆಂಗಳೂರಿನ ಐ.ಟಿ.ಐ.; 1948ರಲ್ಲಿ ಸ್ಥಾಪಿತವಾಗಿ ದೂರವಾಣಿನಗರದಲ್ಲಿ ಟೆಲಿಫೋನುಗಳನ್ನು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ. ಬೆರಳು ತೂರಿಸಿ ತಿರುವುತ್ತಿದ್ದ ಆ ಕರಿಯ ಟೆಲಿಫೋನನ್ನು ಕಛೇರಿಯ ಮೇಜಿನ ಮೇಲೆ ಯಾರು ಕಂಡಿಲ್ಲ? ಅದನ್ನು ಮಾಡುವ ಕಾರ್ಖಾನೆಯ ತಂಡವು ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿ ಮೊತ್ತಮೊದಲ ಫೆಡರೇಷನ್ ಕಪ್ಪನ್ನು ದೂರವಾಣಿನಗರಕ್ಕೆ ತಂದಿತು.

ಈ ಕಾರ್ಖಾನೆಯ ಆಟಗಾರನನ್ನು ವೃತ್ತಿಪರನೆನ್ನಬೇಕೋ ಹವ್ಯಾಸಿಯೆನ್ನಬೇಕೋ ಎಂಬುದು ಬಿಡಿಸಲು ಕಷ್ಟವಾದ ಗಂಟು. ಅವನಿಗೆ ಸಂಬಳವುಂಟು, ಆದರೆ ಹಾಜರಿಪುಸ್ತಕದಲ್ಲಿ ಅದು ಬೇರೆ ಕೆಲಸದ ಲೆಕ್ಕದಲ್ಲಿರುತ್ತದೆ. ಅಭ್ಯಾಸಕ್ಕೆ ಅರ್ಧ ದಿನದ ವಿನಾಯಿತಿಯುಂಟು, ಬಡ್ತಿ ಮಾತ್ರ ಎಲ್ಲರಂತೆ ಸರದಿಯಲ್ಲಿ. ಕಾಲು ಮುರಿದರೂ ಸಂಸಾರ ಬೀದಿಗೆ ಬೀಳದು. ಬೆಂಗಳೂರಿನ ಎಚ್.ಎ.ಎಲ್., ಪಂಜಾಬಿನ ಜೆ.ಸಿ.ಟಿ. ಮಿಲ್ಲು, 1990 ಮತ್ತು 1991ರಲ್ಲಿ ಈ ಕಪ್ಪನ್ನೇ ಗೆದ್ದ ಕೇರಳ ಪೊಲೀಸ್, ಎಲ್ಲವೂ ಇದೇ ಬಗೆಯ ಒಪ್ಪಂದದಿಂದ ಬೆಳೆದ ತಂಡಗಳು. ನಮ್ಮ ಕಾಲ್ಚೆಂಡಾಟವನ್ನು ಅರ್ಧ ಶತಮಾನ ಹೊತ್ತು ನಡೆಸಿದವರು ಇವರೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ; ಪರದೇಶದ ಪುಸ್ತಕಗಳಿಂದ ಎರವಲು ತಂದ ಎರಡು ಹೆಸರುಗಳೊಳಗೆ ಅವರನ್ನು ತುರುಕುವುದು ವ್ಯರ್ಥ ಪ್ರಯಾಸ. ಈ ಜಿಜ್ಞಾಸೆಯನ್ನು ನಮ್ಮ ಬೀದಿಯ ಚಹಾದಂಗಡಿಯಲ್ಲಿ, ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರ ಮುಂದಿಟ್ಟಾಗ ಅವರು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು: "ಪಾಳಿ ಮುಗಿಸಿ ಬಂದು ಆಡಿದ್ರ ಆಟ್ರೀ ಮಾಸ್ತರ. ಆಡಿದ್ದಕ್ಕ ಪಗಾರ ಕೊಟ್ರ, ಅದೂ ಒಂದು ಪಾಳೀನ ಅಲ್ಲೇನ್ರಿ?"

ಫೆಡರೇಷನ್ ಕಪ್ ನಲವತ್ತು ವರ್ಷ ಬಾಳಿತು. ಕಡೆಯ ಅಂತಿಮ ಪಂದ್ಯ ನಡೆದುದು 2017ರ ಮೇ 21ರಂದು ಕಟಕದ ಬಾರಾಬತಿ ಕ್ರೀಡಾಂಗಣದಲ್ಲಿ. ಗೆದ್ದುದು ಮತ್ತೆ ಬೆಂಗಳೂರು, ಸೋತುದು ಮತ್ತೆ ಮೋಹನ್ ಬಾಗಾನ್. ಆದರೆ ಈ ಬೆಂಗಳೂರು ಕಾರ್ಖಾನೆಯದಲ್ಲ. 2013ರಲ್ಲಿ ಹುಟ್ಟಿದ, ಆಟವೇ ವೃತ್ತಿಯಾದ ಬೆಂಗಳೂರು ಎಫ್.ಸಿ. ಮರುವರ್ಷ ಫೆಡರೇಷನ್ ಕಪ್ಪಿನ ಸ್ಥಾನಕ್ಕೆ ಬಂದ ಸೂಪರ್ ಕಪ್ಪನ್ನೂ ಮೊದಲು ಗೆದ್ದುದು ಇದೇ ತಂಡ. 2022ರಲ್ಲಿ ಇದು ಗೆದ್ದ ಡ್ಯೂರಾಂಡಿನಲ್ಲಿ ಮಾತ್ರ ಸೇನೆಯ ತಂಡಗಳು ಇಂದಿಗೂ ವೃತ್ತಿಪರರ ಎದುರು ಕಣಕ್ಕಿಳಿಯುತ್ತವೆ.

ಕಟಕದ ಆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ 2-0 ಆಯಿತು. ಎರಡು ಗೋಲುಗಳನ್ನೂ ಹೊಡೆದವನು ಕೇರಳದ ಸಿ.ಕೆ. ವಿನೀತ್. ಕ್ರೀಡಾಪಟುಗಳ ಮೀಸಲಿನಲ್ಲಿ ಸರ್ಕಾರಿ ಕಛೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಆತನನ್ನು, ಹಾಜರಿ ಸಾಲದೆಂಬ ಕಾರಣದಿಂದ, ಅದೇ ಮೇ ತಿಂಗಳಲ್ಲಿ ಕೆಲಸದಿಂದ ತೆಗೆದುಹಾಕಲಾಗಿತ್ತು. ಈ ಸಂಗತಿಯನ್ನು ಚಹಾದಂಗಡಿಯ ಹಿರಿಯರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಆಟದ ದಿನಾನೂ ಗೈರುಹಾಜರಿ ಹಾಕಿದ್ರೇನ್ರಿ?" ಎಂದು ಕೇಳಿದರು. ಮನೆಗೆ ಬಂದು ಪಂಚಾಂಗ ತೆಗೆದು ನೋಡಿದೆ. ಅಂದು ಭಾನುವಾರ.